ಹದಿನೈದೂವರೆ ಗಂಟೆ ಯಾರದ್ದು?

ಬೆಳಗಿನ ಆರು ದಾಟಿದೆ. ಮರಳುಗುಡ್ಡಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಜೋಲೀನ್ ಹ್ರುಸ್ಕಾ ಬ್ರೇಕಿನ ಹಿಡಿಯನ್ನು ನಿಧಾನಕ್ಕೆ ಎಳೆಯುತ್ತಾರೆ. ಹಿಂದಿನ ನೂರ ಮೂವತ್ತು ಖಾಲಿ ಕಲ್ಲಿದ್ದಲ ವ್ಯಾಗನ್ನುಗಳು ಒಂದಕ್ಕೊಂದು ತಾಗಿ ಗೊಣಗುತ್ತ ಪಕ್ಕದ ಹಳಿಯಲ್ಲಿ ನಿಲ್ಲುತ್ತವೆ. ಡ್ರೈ ಫೋರ್ಕ್ ಇಲ್ಲಿಂದ ಹದಿನೈದು ಮೈಲಿ. ಅಲ್ಲಿನ ಯಾರ್ಡಿನ ದೀಪಗಳ ಮಬ್ಬು ಮೋಡದ ಮೇಲೆ ಕಾಣುತ್ತಿದೆ. ಆದರೆ ಕೆಲಸಕ್ಕೆ ಹತ್ತಿ ಹನ್ನೆರಡು ಗಂಟೆಯಾಯಿತು. ಇನ್ನು ರೈಲನ್ನು ಒಂದು ಗಜ ಕದಲಿಸಿದರೂ ಅದು ಕಾನೂನಿಗೆ ವಿರುದ್ಧ.

"ಸತ್ವಪ್ಪಾ," ಎನ್ನುತ್ತಾರೆ ಜೋಲೀನ್. ಹೊತ್ತು ಮೀರಿ ದಾರಿಯಲ್ಲಿ ನಿಂತುಬಿಟ್ಟ ಸಿಬ್ಬಂದಿ ಇಲ್ಲಿ ಹೇಳುವುದು ಹಾಗೆಯೇ.

ಕಂಡಕ್ಟರ್ ರಮೀರೊ ಎಸ್ಕಮಿಯಾ ಇಳಿದುಹೋಗಿ, ವ್ಯಾಗನ್ನಿನಿಂದ ವ್ಯಾಗನ್ನಿಗೆ ಹತ್ತಿ ಕೈಬ್ರೇಕುಗಳನ್ನು ಬಿಗಿದು, ಮೀಸೆಯ ಮೇಲೆ ಮಂಜು ಹೊತ್ತುಕೊಂಡು ವಾಪಸ್ಸು ಬರುತ್ತಾರೆ. ಇಬ್ಬರನ್ನೂ ಕರೆದೊಯ್ಯಲು ಕಂಪನಿಯ ವ್ಯಾನ್ ಬರಬೇಕು.

"ವ್ಯಾನು ಹೊರಟಿದೆಯಂತೆ ಜೋ."

"ಹಂಗಂದ್ರೆ ಡ್ರೈವರಮ್ಮನ್ನ ಇನ್ನೂ ಎಬ್ಬಿಸಿಲ್ಲ ಅಂತ."

ರಮೀರೊ ನಗುತ್ತಾರೆ. ಹೆಂಡತಿ ಕಟ್ಟಿಕೊಟ್ಟ ತಮಾಲೆಗಳನ್ನು, ಜೋಳದ ಹಿಟ್ಟಿನ ಕಡುಬುಗಳನ್ನು, ಹೀಟರಿನ ಮೇಲಿಟ್ಟು ಒಂದನ್ನು ಜೋಲೀನ್ ಕಡೆ ಚಾಚುತ್ತಾರೆ. ಅವರಿಗೆ ಬೇಡ. ಅವರ ಕಣ್ಣೆಲ್ಲ ಕಾಲಬುಡದ ಚೀಲದ ಮೇಲೆ. ಅದರೊಳಗೆ ಫೋನಿದೆ, ಆಫ್ ಮಾಡಿಟ್ಟ ಫೋನು. ಎರಡು ವರ್ಷ ಕಾದ ತೀರ್ಪು ನಿನ್ನೆ ಸಂಜೆ ಹೊರಬಿದ್ದಿರಬೇಕು. ಸಂಘದ ಅಧ್ಯಕ್ಷ ಆರ್ವಿಲ್ ಸ್ಟೆಂಗರ್ ಈಗಾಗಲೇ ಕರೆ ಮಾಡಿರುತ್ತಾರೆ.

"ರೈಲು ನಿಂತಿದೆಯಲ್ಲ, ಆನ್ ಮಾಡು ಮಾರಾಯ್ತಿ. ಇಲ್ಲಿ ನೋಡೋರು ಯಾರಿದಾರೆ, ಜಿಂಕೆನಾ?"

"ಎಂಜಿನ್ನಿಂದ ಇಳಿದ ಮೇಲೆ," ಎನ್ನುತ್ತಾರೆ ಜೋಲೀನ್. ಎಂಜಿನ್ನಿನ ಒಳಗೆ ಫೋನ್ ಆರಿರಬೇಕೆಂಬುದು ನಿಯಮ. ನಿಯಮ ಅಷ್ಟೇ ಆಗಿದ್ದರೆ ರಮೀರೊ ಇನ್ನೊಂದು ಸಲ ಹೇಳುತ್ತಿದ್ದರು. ಹಿಂದೊಮ್ಮೆ ಈ ಹೆಂಗಸು ಫೋನ್ ಆನ್ ಮಾಡಿದಾಗ ಏನಾಯಿತೆಂಬುದು ಅವರಿಗೆ ಗೊತ್ತು. ಅವತ್ತೂ ಅವರೇ ಕಂಡಕ್ಟರ್ ಆಗಿದ್ದರು.

ಜೋಲೀನ್‌ಗೆ ಈಗ ಐವತ್ತೇಳು. ಎಂಜಿನ್ನಿನ ಹಿಡಿ ಹಿಡಿಯುವ ಮೊದಲು ಒಂಬತ್ತು ವರ್ಷ ವಿಲ್ಬರ್ಟನ್ನಿನ ಕಸಾಯಿಖಾನೆಯಲ್ಲಿ ಹಂದಿಮಾಂಸ ಕೊಯ್ದವರು. ಹಳಿ ಕೆಲಸದ ತಂಡದಲ್ಲಿದ್ದ ವರ್ನ್‌ನನ್ನು ಮದುವೆಯಾದರು. ರೈಲಿಗೆ ಅರ್ಜಿ ಹಾಕಿಸಿದವನೂ ವರ್ನ್. "ಚಾಕು ಹಿಡಿದು ನಿನ್ನ ಬೆರಳು ಸೊಟ್ಟಗಾಗ್ತಿವೆ, ಅಲ್ಲಾದ್ರೆ ಕೂತ್ಕೊಂಡೇ ಕೆಲಸ ಅಂದಿದ್ದ. ಕೂತ್ಕೊಂಡೇ ಕೆಲಸ, ಅದೇನೋ ನಿಜ," ಎನ್ನುತ್ತಾರೆ ಜೋಲೀನ್. ಆಗ ಆ ಯಾರ್ಡಿನಲ್ಲಿ ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ. ಅದರ ಬಗ್ಗೆ ಕೇಳಿದರೆ ಕೈ ಬೀಸಿ ಮಾತು ತೇಲಿಸಿಬಿಡುತ್ತಾರೆ.

ಸಂಬಳದ ವಿಷಯಕ್ಕೆ ಬಂದರೆ ಮಾತ್ರ ಅವರ ನಾಲಿಗೆ ಸಡಿಲವಾಗುತ್ತದೆ. "ಜನ ಅಂದ್ಕೊಳ್ಳೋದು ನಮ್ಗೆ ಗಂಟೆ ಲೆಕ್ಕ ಅಂತ. ಇಲ್ಲ, ಮೈಲಿ ಲೆಕ್ಕ. ನೂರ ಮೂವತ್ತು ಮೈಲಿ ಓಡಿಸಿದ್ರೆ ಒಂದು ದಿನದ ಕೂಲಿ. ಅದರ ಮೇಲೆ ಓಡಿದ ಒಂದೊಂದು ಮೈಲಿಗೂ ಇಷ್ಟು ಅಂತ. ವಿಲ್ಬರ್ಟನ್ನಿಂದ ಡ್ರೈ ಫೋರ್ಕಿಗೆ ಇನ್ನೂರ ಹನ್ನೆರಡು ಮೈಲಿ. ಏಳು ಗಂಟೇಲಿ ಮುಟ್ಟಿದ್ರೂ ಅಷ್ಟೇ, ಹನ್ನೆರಡು ಗಂಟೆ ತಗೊಂಡ್ರೂ ಅಷ್ಟೇ."

"ಓವರ್‌ಟೈಮ್ ಹೇಳು," ಎಂದು ರಮೀರೊ ಚುಚ್ಚುತ್ತಾರೆ. ಅವರಿಗೆ ಇದು ಹಳೆಯ ಜೋಕು.

"ಓವರ್‌ಟೈಮೂ ಇದೆ. ಇಷ್ಟು ದೂರಕ್ಕೆ ಅದು ಶುರುವಾಗೋದು ಹದಿಮೂರನೇ ಗಂಟೆ ಮುಗಿದ ಮೇಲೆ. ನಮ್ಮನ್ನ ಹನ್ನೆರಡಕ್ಕೇ ಕಾನೂನು ಇಳಿಸುತ್ತೆ. ಅದಕ್ಕೇ ನಮ್ಮ ಓವರ್‌ಟೈಮೆಲ್ಲ ಹೀಗೆ ಸತ್ತು ಕೂತಾಗ ಬರೋದು, ವ್ಯಾನಿಗೆ ಕಾಯ್ತಾ."

ಹಾಗೆ ನೋಡಿದರೆ ಇದು ಕೆಟ್ಟ ಸಂಬಳವಲ್ಲ. ಅದನ್ನು ಜೋಲೀನ್ ಅವರೇ ಮೊದಲು ಹೇಳುತ್ತಾರೆ. ಸಂಘವಿದೆ, ಒಪ್ಪಂದವಿದೆ, ವಿಲ್ಬರ್ಟನ್ನಿನಲ್ಲಿ ಇಷ್ಟು ದುಡಿಯುವವರು ಇನ್ನೊಬ್ಬರಿಲ್ಲ. ಕಷ್ಟ ಇರುವುದು ಓಟದಲ್ಲಲ್ಲ, ಓಟದ ಆಚೆ ತುದಿಯಲ್ಲಿ. ಡ್ರೈ ಫೋರ್ಕಿನಲ್ಲಿ ಇಳಿದವರನ್ನು ಹೆದ್ದಾರಿ ಪಕ್ಕದ ಹೋಟೆಲಿಗೆ ಬಿಡುತ್ತಾರೆ. ಅಲ್ಲಿ ಮೊದಲ ಹದಿನಾರು ಗಂಟೆಗೆ ಕಂಪನಿ ಒಂದು ಸೆಂಟ್ ಕೊಡಬೇಕಿಲ್ಲ. ಹದಿನೇಳನೆಯ ಗಂಟೆಯಿಂದ ಕಾದದ್ದಕ್ಕೂ ಕೂಲಿ ಉಂಟು. ಆದ್ದರಿಂದ ಹದಿನಾರು ತುಂಬುವುದರೊಳಗೆ ಫೋನ್ ಬಾರಿಸಿ ಕರೆಯುವುದು ಕಂಪನಿಯ ವಾಡಿಕೆ. ಹೆಸರಿಗೆ ಅದು ವಿಶ್ರಾಂತಿ. ಚಾಲಕರ ಕಾರು ಇರುವುದು ಇನ್ನೂರು ಮೈಲಿ ಹಿಂದೆ, ವಿಲ್ಬರ್ಟನ್ನಿನ ಯಾರ್ಡಿನಲ್ಲಿ. ಡ್ರೈ ಫೋರ್ಕಿನಲ್ಲಿ ಬಸ್ಸಿಲ್ಲ, ಬಾಡಿಗೆ ಕಾರಿಲ್ಲ. ಒಂದು ಪೆಟ್ರೋಲ್ ಬಂಕು, ಒಂದು ಚರ್ಚು, ಆ ಹೋಟೆಲು, ಅಷ್ಟೇ ಊರು.

ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ ಜೋಲೀನ್ ಅಲ್ಲಿ ಇಳಿದಾಗ ಮನೆಯಲ್ಲಿ ವರ್ನ್ ಮಲಗಿದ್ದ. ಹಳಿಯ ಜಲ್ಲಿ ಸುರಿಯುವ ಕೆಲಸ, ಮೂವತ್ತು ವರ್ಷ ಆ ಕಲ್ಲಿನ ಪುಡಿಯನ್ನೇ ಉಸಿರಾಡಿದವನು. ಪುಪ್ಪುಸ ಗಟ್ಟಿಯಾಗುತ್ತ ಬಂದು ಆಮ್ಲಜನಕದ ಕೊಳವೆಯ ಮೇಲೆ ಬದುಕಿದ್ದ. ಹಗಲು ಒಬ್ಬ ನರ್ಸ್ ಬಂದು ಹೋಗುತ್ತಿದ್ದಳು. ಸಂಜೆ ನಾಲ್ಕಕ್ಕೆ ಅವಳ ಕರೆ ಬಂತು. ಉಸಿರಿನ ಲಯ ಬದಲಾಗಿದೆ, ಬರುವುದಾದರೆ ಈಗ ಬನ್ನಿ ಎಂದಳು.

ಜೋಲೀನ್ ಕಂಪನಿಗೆ ಫೋನ್ ಮಾಡಿದರು. ಎತ್ತಿದವನು ಎರಡು ರಾಜ್ಯದಾಚೆ ಕೂತಿರುವ ಹುಡುಗ. ವ್ಯಾನಿನಲ್ಲಿ ಮನೆಗೆ ಕಳಿಸಿ ಎಂದು ಕೇಳಿದರು. ಅವನು ಒಳ್ಳೆಯವನೇ, ಪಾಪ, ಯಾರನ್ನೋ ಕೇಳಿ ಬಂದ. "ಆರ್ಡರ್ ಇಲ್ಲ ಮೇಡಂ, ಸಾರಿ," ಎಂದ.

ಇನ್ನು ಉಳಿದದ್ದು ಸರದಿ. ಮೊದಲು ಬಂದವರು ಮೊದಲು ಹೋಗಬೇಕು, ಇದು ಈ ಕಸುಬಿನ ಗಾಯತ್ರಿ. ಅವತ್ತು ಸರದಿಯಲ್ಲಿ ಮೊದಲಿದ್ದವನು ಡೆಲ್ಬರ್ಟ್ ಸ್ಯಾಕ್, ಎರಡನೆಯವರು ಜೋಲೀನ್. ಇಬ್ಬರೂ ಒಪ್ಪಿದರೆ ಸರದಿ ಅದಲುಬದಲು ಮಾಡಿಕೊಳ್ಳಬಹುದು, ಒಪ್ಪಂದದಲ್ಲೇ ಅದಕ್ಕೆ ಜಾಗವಿದೆ. ಆದರೆ ಯಾರೂ ಕೇಳುವುದಿಲ್ಲ. ಒಬ್ಬರ ನಿದ್ದೆ, ಊಟ, ಮಕ್ಕಳ ಮುಖ ನೋಡುವುದು ಎಲ್ಲ ಸರದಿಗೆ ಕಟ್ಟಿಕೊಂಡಿರುವಾಗ ಅದನ್ನು ಬಾಯಿಬಿಟ್ಟು ಕೇಳಿದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹೆಂಗಸಾದರೆ ಇನ್ನೂ ಒಂದು ಮಾತು ಹೆಚ್ಚು.

"ಕಾರಿಡಾರಲ್ಲಿ ಸಿಕ್ಕಿದ್ದ. ಐಸ್ ಮೆಷಿನ್ ಪಕ್ಕ. ಚೀಲ ಹೆಗಲಿಗೆ ಹಾಕ್ಕೊಂಡು ಹೊರಟಿದ್ದ. 'ಏನ್ ಜೋ, ವರ್ನ್ ಹೆಂಗಿದಾನೆ?' ಅಂದ. 'ಹಂಗೇ ಇದಾನೆ' ಅಂದೆ. 'ಹುಷಾರಾಗಿ ಹೋಗಿ ಬಾ' ಅಂದೆ." ಜೋಲೀನ್ ಇಷ್ಟು ಹೇಳಿ ಕಿಟಕಿಯ ಗಾಜನ್ನು ತೋಳಿನಿಂದ ಒರೆಸುತ್ತಾರೆ. ಗಾಜಿನ ಮೇಲೆ ಏನೂ ಇಲ್ಲ.

ಡೆಲ್ಬರ್ಟ್‌ಗೆ ಅವತ್ತು ದಾರಿ ಪೂರಾ ಹಸಿರು ಸಿಗ್ನಲ್. ಏಳು ಗಂಟೆಯಲ್ಲಿ ವಿಲ್ಬರ್ಟನ್ ಮುಟ್ಟಿದ. ಜೋಲೀನ್‌ಗೆ ಕರೆ ಬಂದದ್ದು ಹೋಟೆಲಿಗೆ ಬಂದು ಹದಿನೈದೂವರೆ ಗಂಟೆಯಾದ ಮೇಲೆ. ಅರ್ಧ ದಾರಿಯಲ್ಲಿ ಅವರ ರೈಲನ್ನು ಪಕ್ಕದ ಹಳಿಗೆ ಹಾಕಿ, ಎದುರಿನಿಂದ ಬರುವ ಮೂರು ಗಾಡಿಗಳಿಗೆ ಕಾಯಿಸಿದರು. ಅವರು ಹಾಗೆ ನಿಂತಿದ್ದಾಗಲೇ ವರ್ನ್ ಹೋದ. ಫೋನ್ ಚೀಲದಲ್ಲಿ ಆರಿತ್ತು. ಹೊತ್ತು ಮೀರಿ ಅವತ್ತೂ ಊರಿನ ಹೊರಗೇ ಇಳಿಯಬೇಕಾಯಿತು. ವ್ಯಾನಿನಲ್ಲಿ ಕೂತು ಫೋನ್ ಆನ್ ಮಾಡಿದರು. ನರ್ಸ್ ಒಂಬತ್ತು ಸಲ ಕರೆದಿದ್ದಳು.

ಮಣ್ಣು ಮಾಡಿದ ದಿನ ಡೆಲ್ಬರ್ಟ್ ಕೈ ಹಿಡಿದುಕೊಂಡು, "ಒಂದು ಮಾತು ಕೇಳ್ಬಾರದಿತ್ತಾ ಜೋ?" ಎಂದ. ಆಮೇಲೆ ಅವನು ಜೋಲೀನ್ ಇರುವ ಮೇಜಿಗೆ ಊಟಕ್ಕೆ ಬಂದದ್ದಿಲ್ಲ.

ಮುಂದಿನ ವಾರ ಅವರು ಕೆಲಸಕ್ಕೆ ಹತ್ತಿದರು, ಹತ್ತಿದ ದಿನವೇ ಕ್ಲೇಮು ಹಾಕಿದರು. ಹೋಟೆಲಿನ ಹದಿನೈದೂವರೆ ಗಂಟೆಗೆ ಕೂಲಿ ಕೊಡಬೇಕು, ನಾನು ಹೋಗಬೇಕೆಂದು ಕೇಳಿದ್ದೆ, ನೀವು ಇಟ್ಟುಕೊಂಡಿರಿ ಎಂದು. ಹದಿನಾರು ತುಂಬಿಲ್ಲವೆಂದು ಕಂಪನಿ ವಾರದೊಳಗೆ ತಳ್ಳಿಹಾಕಿತು. ಸಂಘದ ಆರ್ವಿಲ್ ಕೂಡ ಇದು ನಿಲ್ಲುವ ಕ್ಲೇಮಲ್ಲ ಎಂದು ಮುಖಕ್ಕೇ ಹೇಳಿದರು. ಹೇಳಿ, ಮೇಲಿನ ಹಂತಕ್ಕೆ ಒಯ್ದರು. ಅಲ್ಲಿಯೂ ಇಲ್ಲವೆಂದಾಗ ಮಧ್ಯಸ್ಥರ ಮುಂದಿಟ್ಟರು. ಕಳೆದ ಬೇಸಿಗೆಯಲ್ಲಿ ಕಂಪನಿಯವರು ಒಂದು ದಾರಿ ತೋರಿಸಿದರು. ಕೇಳಿದ ಆರುನೂರ ಚಿಲ್ಲರೆ ಡಾಲರ್ ಪೂರ್ತಿ ಕೊಡುತ್ತೇವೆ, ಆದರೆ ಇದನ್ನು ಇನ್ನೊಬ್ಬರು ಉದಾಹರಣೆಯಾಗಿ ತೋರಿಸುವಂತಿಲ್ಲ, ಕ್ಲೇಮು ಹಿಂದಕ್ಕೆ ತೆಗೆದುಕೊಳ್ಳಿ ಎಂದರು. ಜೋಲೀನ್ ಒಲ್ಲೆ ಎಂದರು. ಯಾರ್ಡಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಮುದುಕಿಗೆ ತಲೆ ಕೆಟ್ಟಿದೆ ಎಂದವರೂ ಇದ್ದರು.

"ದುಡ್ಡು ಯಾಕೆ ಬಿಟ್ರಿ ಅಂತ ಎಲ್ರೂ ಕೇಳ್ತಾರೆ," ಎನ್ನುತ್ತಾರೆ. "ಆ ಹೊತ್ತು ಕಂಪನಿದು ಅಂತಾದ್ರೆ, ನನ್ನ ಇಟ್ಕೊಂಡಿದ್ದು ಅವರು. ನಂದು ಅಂತಾದ್ರೆ, ಹೋಗದೇ ಇದ್ದೋಳು ನಾನು. ಇಷ್ಟೇ. ಯಾವುದು ಅಂತ ಯಾರಾದ್ರೂ ಬರೆದುಕೊಡಲಿ ಅಂತ ಕಾಯ್ತಾ ಇದೀನಿ."

ಎಂಟು ಗಂಟೆಯ ಹೊತ್ತಿಗೆ ವ್ಯಾನಿನ ದೀಪ ಕಾಣುತ್ತದೆ. ಓಡಿಸುವವಳು ಫೇ, ಎಪ್ಪತ್ತರ ಹತ್ತಿರದವಳು. ಅವಳಿಗೆ ಸಂಘವೂ ಇಲ್ಲ, ಮೈಲಿ ಲೆಕ್ಕವೂ ಇಲ್ಲ, ಜೋಲೀನ್ ದುಡಿಮೆಯ ಮೂರರಲ್ಲೊಂದು ಪಾಲಿಗೆ ಈ ಹಿಮದ ರಸ್ತೆಯಲ್ಲಿ ಓಡಾಡುತ್ತಾಳೆ. "ಹೀಟರ್ ಕೆಟ್ಟಿದೆ, ಈಗಲೇ ಹೇಳಿದೀನಿ, ಆಮೇಲೆ ನನ್ನ ಬೈಬೇಡಿ," ಎಂದು ಬಾಗಿಲು ತೆಗೆಯುತ್ತಾಳೆ.

ಜೋಲೀನ್ ಹಿಂದಿನ ಸೀಟಿನಲ್ಲಿ ಕೂತು ಫೋನ್ ಹಚ್ಚುತ್ತಾರೆ. ಕೈಗವಸು ತೆಗೆದಿಲ್ಲ, ಎರಡು ಸಲ ತಪ್ಪು ಒತ್ತುತ್ತಾರೆ. ಆರ್ವಿಲ್‌ರ ದನಿ ಇಡೀ ವ್ಯಾನಿಗೆ ಕೇಳಿಸುತ್ತದೆ.

"ಜೋ, ಸೋತ್ವಿ ಕಣಮ್ಮ."

"ಏನಂತ ಬರೆದಿದಾರೆ?"

"ಹದಿನಾರು ಗಂಟೆ ತುಂಬಿಲ್ಲ ಅಂತ. ಅದೇ ಹಳೇ ರಾಗ. ಬಿಡು."

"ಓದು ಆರ್ವಿಲ್."

ಆಚೆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಅವರು ಓದುತ್ತಾರೆ. "'ಸದರಿ ಅವಧಿಯು ಚಾಲಕಿಯ ಸ್ವಂತ ಸಮಯವಾಗಿತ್ತು. ಅದನ್ನು ಅವರು ತಮ್ಮ ಇಚ್ಛೆಯಂತೆ ಬಳಸಿಕೊಳ್ಳಲು ಸ್ವತಂತ್ರರಾಗಿದ್ದರು.'"

"ಸರಿ," ಎನ್ನುತ್ತಾರೆ ಜೋಲೀನ್. "ನೀನು ಮಲಗು. ರಾತ್ರಿಯೆಲ್ಲ ಕೂತಿರ್ತೀಯ."

ವ್ಯಾನು ಡ್ರೈ ಫೋರ್ಕಿನ ಕಡೆ ಹೊರಡುತ್ತದೆ. ಫೇ ಒಮ್ಮೆ ಕನ್ನಡಿಯಲ್ಲಿ ಹಿಂದೆ ನೋಡಿ, ತನ್ನ ತೊಡೆಯ ಮೇಲಿದ್ದ ಕಂಬಳಿಯನ್ನು ಹಿಂದಕ್ಕೆ ಕೊಡುತ್ತಾಳೆ. ಜೋಲೀನ್ ಅದನ್ನು ಹೊದೆಯದೆ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಅಳುವುದಿಲ್ಲ. ಅತ್ತಿದ್ದರೆ ನೋಡುವವರಿಗೆ ಹಗುರವಾಗುತ್ತಿತ್ತು.

ಹೋಟೆಲಿನ ಕೆಳಗಿನ ಕೋಣೆಯಲ್ಲಿ ರೈಲಿನವರಿಗೆಂದು ಒಂದು ಕಂಪ್ಯೂಟರ್ ಇದೆ. ಓಟ ಮುಗಿಸಿದವರು ಅಲ್ಲಿ ಕೂತು ಆ ಓಟದ ಕೂಲಿಯನ್ನು ತಾವೇ ಬರೆದು ಕಳಿಸಬೇಕು. ಎಷ್ಟು ಮೈಲಿ, ಎಷ್ಟು ಹೊತ್ತು ಸತ್ತು ಕೂತದ್ದು, ವ್ಯಾನ್ ಯಾವಾಗ ಬಂತು ಎಂದು. ಬರೆಯಲು ಮರೆತದ್ದನ್ನು ಕಂಪನಿ ನೆನಪಿಸುವುದಿಲ್ಲ. ಜೋಲೀನ್ ಬೂಟು ಬಿಚ್ಚದೆ ಕೂತು ಇಂದಿನದನ್ನೆಲ್ಲ ತುಂಬುತ್ತಾರೆ. ಮುಗಿಸಿ ಏಳಬೇಕಾದವರು ಏಳುವುದಿಲ್ಲ. ಹೊಸದೊಂದು ಕ್ಲೇಮು ತೆರೆಯುತ್ತಾರೆ.

ರಮೀರೊ ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. "ಇದೇನಿದು? ಹೋಟೆಲಿಗೆ ಈಗ ತಾನೇ ಬಂದಿದೀವಿ."

"ಹೌದು. ಇವತ್ತಿನ ಹೋಟೆಲಿಗೆ. ಎಷ್ಟು ಗಂಟೆ ಅಂತ ಕರೆ ಬಂದ ಮೇಲೆ ತುಂಬ್ತೀನಿ."

"ಇದನ್ನೂ ತಳ್ತಾರೆ."

"ತಳ್ಳಲಿ. ಒಂದೊಂದು ಸಲ ತಳ್ಳೋಕೂ ಅವರು ಒಬ್ಬನ್ನ ಕೂರಿಸಿ ಓದಿಸ್ಬೇಕಲ್ಲ. ನಾನು ನಿವೃತ್ತಿ ಆಗೋಕೆ ಮೂರು ವರ್ಷ ಇದೆ. ಬಂದಾಗೆಲ್ಲ ಬರೀತೀನಿ." ಜೋಲೀನ್ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಆಮೇಲೆ ಮಾರಾಯ, ಮರಿಸೋಲ್‌ಗೆ ಮುಂದಿನ ತಿಂಗಳು ಆಪರೇಷನ್ ಅಲ್ವಾ? ಆ ವಾರ ನಿನ್ನ ಮುಂದೆ ಸರದೀಲಿ ಯಾರೇ ಇರಲಿ, ಹೋಗಿ ಕೇಳು. ನಾಚ್ಕೋಬೇಡ."

ಹೆಂಡತಿಯ ಹೆಸರು ಕೇಳಿ ರಮೀರೊ ತಲೆಯಾಡಿಸುತ್ತಾರೆ. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಕಾಫಿ ತರಲು ಹೋಗುತ್ತಾರೇನೋ ಎಂದುಕೊಂಡರೆ ಹೋಗುವುದಿಲ್ಲ.

"ನಂದೂ ಒಂದು ಹಾಕ್ತೀನಿ," ಎನ್ನುತ್ತಾರೆ. "ಕಾರಣ ಅಂತ ಇದೆಯಲ್ಲ, ಅಲ್ಲಿ ಏನು ಬರೀಬೇಕು?"

ಜೋಲೀನ್ ಪರದೆಯನ್ನು ಅವರ ಕಡೆ ತಿರುಗಿಸುತ್ತಾರೆ. ಆ ಜಾಗದಲ್ಲಿ ಅವರು ಆಗಲೇ ಎರಡು ಪದ ಬರೆದಿದ್ದಾರೆ: ಮನೆಯಲ್ಲಿ ಇರಲಿಲ್ಲ.