ಅರವತ್ತರಲ್ಲಿ ಎತ್ತರವಾದವರು

ಬೆಳಗಿನ ಆರೂವರೆ. ಸಂಶೋಧನಾಲಯದ ನೆಲ ಒರೆಸಿದ ತೇವ ಇನ್ನೂ ಆರಿಲ್ಲ. ಒರೆಸಿದಾಕೆಗೆ ಎರಡನೇ ಸಲ ಬಗ್ಗುವ ಕೆಲಸವಾಗದಿರಲೆಂದು ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಯಂಚಿನಲ್ಲೇ ನಡೆದು ಬಂದು ಜರಡಿಯಕ್ಕ ಕಂಪ್ಯೂಟರಿನ ಮುಂದೆ ಕೂರುತ್ತಾರೆ.

ಮನುಷ್ಯರ ಎತ್ತರಕ್ಕೆ ಯಾವ ಯಾವ ಜೀನ್ ಕಾರಣವೆಂದು ತಿಳಿಯಲು ಇಲ್ಲಿ ಲಕ್ಷಾಂತರ ಜನರ ರಕ್ತಪರೀಕ್ಷೆಯನ್ನೂ ಅಳತೆಯನ್ನೂ ತಾಳೆ ಹಾಕುತ್ತಾರೆ. ಅದಕ್ಕೆ ಮುಂಚೆ ಅಳತೆಗಳೊಳಗಿನ ತಪ್ಪುಗಳನ್ನು ಅಕ್ಕಿಯ ಕಲ್ಲಿನಂತೆ ಹೆಕ್ಕುವುದು ಅಕ್ಕನ ಕೆಲಸ; ಜರಡಿಯಕ್ಕ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಹತ್ತೊಂಬತ್ತು ವರ್ಷವಾಯಿತು, ದಿನಕ್ಕೆ ಎರಡು ಸಾವಿರ ಸಾಲು. ಕಣ್ಣು ಉರಿಯುತ್ತದೆ, ಕತ್ತು ಹಿಡಿಯುತ್ತದೆ. ಮನೆಯಲ್ಲಿ ಅತ್ತೆಯ ತಮಾಷೆ ಬೇರೆ: “ಊರವರ ಎತ್ತರವೆಲ್ಲ ನಿನ್ನ ಕೈಲಿದೆ, ಮೇಲಿನ ಡಬ್ಬಿ ಇಳಿಸೋಕೆ ಮಾತ್ರ ಸ್ಟೂಲು ಬೇಕು.”

ಕಳೆದ ಚಳಿಗಾಲದಲ್ಲಿ ಯುವ ಸಂಶೋಧಕಿಯೊಬ್ಬಳು ಎತ್ತರದ ಹೊಸ ಜೀನ್ ಹಿಡಿದಿದ್ದಳು. ಎರಡು ವರ್ಷದ ದುಡಿಮೆ. ಶುಕ್ರವಾರ ಲೇಖನ ಪತ್ರಿಕೆಗೆ ಹೋಗಬೇಕು. ಸೋಮವಾರ ಅಕ್ಕನ ಕಣ್ಣು ಒಂದು ಕಡೆ ತಡೆಯಿತು. ಗುಡ್ಡದ ಮೇಲಿನ ಚಿಕಿತ್ಸಾಲಯದಲ್ಲಿ ಅಳೆಸಿಕೊಂಡ ನಾನೂರು ಚಿಲ್ಲರೆ ಜನ, ಅರವತ್ತು ದಾಟಿದವರೂ ಸೇರಿ, ಹಿಂದಿನ ಅಳತೆಗಿಂತ ಎರಡು ಬೆರಳು ಬೆಳೆದಿದ್ದರು. ಅಕ್ಕ ಅಲ್ಲಿನ ದಾದಿಗೆ ಫೋನ್ ಮಾಡಿದರು.

“ಸಿಸ್ಟರ್, ನಿಮ್ಮಲ್ಲಿ ಮುದುಕರೂ ಉದ್ದ ಆಗ್ತಿದ್ದಾರಲ್ಲ, ಏನು ಔಷಧಿ ಕೊಡ್ತಿದ್ದೀರಿ?”

“ಚಳಿಗೆ ನೆಲ ಕೊರೀತಿತ್ತಮ್ಮ. ಪಾಪ, ಬರಿಗಾಲಲ್ಲಿ ಹೇಗೆ ನಿಲ್ತಾರೆ? ಯಾರೂ ಬೂಟು ಬಿಚ್ಚಬೇಡಿ ಅಂದುಬಿಟ್ಟೆ.”

ಗುಡ್ಡದವರೆಲ್ಲ ಒಂದಲ್ಲ ಒಂದು ಸುತ್ತಿನಲ್ಲಿ ನೆಂಟರು. ಸಂಶೋಧಕಿ ಹಿಡಿದ ಜೀನ್ ಅವರಲ್ಲೇ ಹೆಚ್ಚು. ಬೂಟು ಕೊಟ್ಟ ಎತ್ತರವನ್ನು ಕಂಪ್ಯೂಟರ್ ಜೀನಿನ ಲೆಕ್ಕಕ್ಕೆ ಸೇರಿಸಿತ್ತು.

ಇದನ್ನು ಹೇಳುವುದು ಹೇಗೆ? ಅಕ್ಕ ಎರಡು ಲೋಟ ಚಹಾ ಹಿಡಿದು ಸಂಶೋಧಕಿಯ ಬಳಿ ಹೋದರು.

“ಎರಡು ವರ್ಷ ಬೂಟಿನ ಅಟ್ಟೆಗೆ ಜೀನ್ ಹುಡುಕಿದೆನಾ ಅಕ್ಕಾ?” ಹುಡುಗಿ ಅತ್ತಳು. ಚಹಾ ಮುಗಿಯುವ ಹೊತ್ತಿಗೆ ನಗುವೂ ಬಂತು. ಶುಕ್ರವಾರ ಲೇಖನ ಹೋಗಲಿಲ್ಲ.

ತಣ್ಣನೆ ನೆಲಕ್ಕೆ ಮರದ ಹಲಗೆ ಹಾಸಿ, ಅಳತೆಗೋಲನ್ನೂ ಅದರ ಮೇಲೆಯೇ ನಿಲ್ಲಿಸಿ, ದಾದಿ ಎಲ್ಲರನ್ನೂ ಕರೆಸಿ ಬರಿಗಾಲಲ್ಲಿ ಮತ್ತೆ ಅಳೆದರು. ಆ ಜೀನ್ ಹೇಳಹೆಸರಿಲ್ಲದಂತೆ ಹೋಯಿತು. ಆದರೆ ಬೂಟುಗಳ ಗದ್ದಲದಲ್ಲಿ ಮುಚ್ಚಿಹೋಗಿದ್ದ ಇನ್ನೊಂದು, ಸಣ್ಣದು, ಗಟ್ಟಿಯಾಗಿ ನಿಂತಿತು. ಈ ತಿಂಗಳು ಅದರ ಲೇಖನ ಹೊರಡುತ್ತಿದೆ. ಅಕ್ಕನ ಹೆಸರು ಅದರಲ್ಲಿ ಇರಲೇಬೇಕೆಂದು ಹುಡುಗಿಯ ಹಟ.

“ನಂದು ಕೊನೇಲಿ ಎಲ್ಲಾದ್ರೂ ಇರಲಿ,” ಅನ್ನುತ್ತಾರೆ ಅಕ್ಕ. “ಆ ಸಿಸ್ಟರ್ ಹೆಸರು ಮಾತ್ರ ಬಿಡಬೇಡ. ಅಂಥ ಚಳೀಲಿ ನಾನೂರು ಜನಾನ ಮತ್ತೆ ಕರೆದರೆ ಯಾರು ಬರ್ತಾರೆ ಹೇಳು? ಒಬ್ಬರೂ ತಪ್ಪಿಸಲಿಲ್ಲ. ‘ನಮ್ಮ ಕಾಲು ತಣ್ಣಗಾಗಬಾರದು ಅಂದವರು ಕರೀತಿದ್ದಾರೆ, ಹೋಗದೆ ಇರೋಕಾಗುತ್ತಾ’ ಅಂದ್ರಂತೆ.”