ಕೌಂಟರಿಗೊಂದು ಗಾಯ

ಜಮಖಂಡಿ–ಬನಹಟ್ಟಿ ಸೀಮೆಯಲ್ಲಿ ಕಬ್ಬು ಇದ್ದಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ನೀರು ತಿರುವಲು ಸಲಿಕೆ, ಒಣ ಗರಿಯ ರವದಿ ಸವರಲು ಕುಡಗೋಲು, ಕಲ್ಲು ಮೀಟಲು ಹಾರಿ. ಬದುಕಿಗೆಂದು ಕೊಂಡ ಈ ಸಾಮಾನು ವರ್ಷಕ್ಕೆ ಒಂದೆರಡು ಸಲ ಬದುವಿಗಾಗಿ ಮೇಲೇಳುತ್ತದೆ. ಆಮೇಲೆ ಹೊಲದವರು ಹೊಲಿಗೆ ಹಾಕಿಸಿಕೊಳ್ಳಲು ಜಮಖಂಡಿಯ ಸರಕಾರಿ ದವಾಖಾನೆಗೆ ಬರುತ್ತಾರೆ. ಹಾಗೆ ಬಂದವರನ್ನು ಬಾಗಿಲಲ್ಲೇ ಎದುರುಗೊಳ್ಳುತ್ತಿದ್ದವಳು ಚಿಮ್ಮಡದ ಶಿವಯೋಗೆಪ್ಪನ ಮಗಳು, ಮಹಿಳಾ ಪೊಲೀಸ್ ಪ್ರೀತಿ.

"ಯಾರ ಹೊಡದ್ರು? ಯಾತರಿಂದ ಹೊಡದ್ರು? ಯಾವಾಗ ಹೊಡದ್ರು?" ಇಷ್ಟು ಕೇಳಿ ಬರೆದುಕೊಳ್ಳುವುದು ಅವಳ ಏಳು ವರ್ಷದ ನೌಕರಿ. ಮೈಮೇಲೆ ಬರೆ ಎದ್ದವರು ಹೇಳುವುದು, ಇವಳು ಬರೆಯುವುದು.

ಆ ಕೆಲಸದಲ್ಲಿ ಅವಳಿಗೆ ಮೊದಲು ಅರ್ಥವಾದದ್ದು ಕೌಂಟರ್ ಕೇಸು. ನಮ್ಮ ಕಡೆ ಹೊಡೆಸಿಕೊಂಡವನ ಹಿಂದೆಯೇ ಹೊಡೆದವನೂ ದವಾಖಾನೆಗೆ ಬರುತ್ತಾನೆ. ಬರಿಗೈಲಿ ಬರುವುದಿಲ್ಲ, ಒಂದು ಗಾಯ ಮಾಡಿಕೊಂಡು ಬರುತ್ತಾನೆ. ಎರಡೂ ಕಡೆ ರಕ್ತ ಬಂದರೆ ಎರಡೂ ಕಡೆ ಕೇಸು. ಎರಡೂ ಕಡೆ ಕೇಸಾದರೆ ಒಂದಿಲ್ಲೊಂದು ದಿನ ರಾಜಿ. ಕೆಲವರು ಬ್ಲೇಡಿನಿಂದ ಗೀರಿಕೊಳ್ಳುತ್ತಾರೆ, ಕೆಲವರು ಗೋಡೆಗೆ ಹಣೆ ಕುಟ್ಟಿಕೊಳ್ಳುತ್ತಾರೆ. ಒಬ್ಬ ಪುಣ್ಯಾತ್ಮ ಕಿವಿಗೆ ಸ್ವಲ್ಪ ಹಲ್ಲು ಮೂಡಿಸು ಅಂತ ಹೆಂಡತಿಗೇ ಹೇಳಿದ್ದನಂತೆ. ಎಷ್ಟು ವರ್ಷದ ಸಿಟ್ಟೋ, ಆಕೆ ತುಂಡೇ ತೆಗೆದುಕೊಟ್ಟಿದ್ದಳು. ಆ ತುಂಡನ್ನು ಅವನು ಗುಟ್ಕಾ ಪಾಕೀಟಿನಲ್ಲಿ ಸುತ್ತಿಕೊಂಡು ತಂದಿದ್ದ.

ಪ್ರೀತಿ ಪೊಲೀಸ್ ಆದದ್ದು ಸಿಟ್ಟಿನಿಂದ. ಪಿಯುಸಿ ಮುಗಿಸಿ ಎರಡು ಸಲ ನೀಟ್ ಬರೆದಿದ್ದಳು. ಎರಡೂ ಸಲ ಅದು ನೀಟಾಗಿ ಕೈಕೊಟ್ಟಿತ್ತು. ಸೀಟು ಸಿಗಲಿಲ್ಲ, ಸಿಟ್ಟು ಉಳಿಯಿತು. ಆ ಸಿಟ್ಟಿನಲ್ಲೇ ಪೊಲೀಸ್ ಭರ್ತಿಯ ಮೈದಾನದಲ್ಲಿ ಓಡಿದಳು, ಎಲ್ಲರಿಗಿಂತ ಮುಂದೆ ಬಂದಳು, ಖಾಕಿ ತೊಟ್ಟಳು. ಪುಸ್ತಕಗಳನ್ನು ಅವಳ ಅವ್ವ ತಾರವ್ವ ಅಟ್ಟಕ್ಕೆ ಹಾಕಿದಳು.

ಅವು ಕೆಳಗಿಳಿದದ್ದು ಮುಧೋಳದ ಒಂದು ಮದುವೆಯಿಂದಾಗಿ. ಪ್ರೀತಿಯನ್ನು ಆಗ ಸ್ವಲ್ಪ ದಿನ ಮುಧೋಳಕ್ಕೆ ಹಾಕಿದ್ದರು. ಮೆರವಣಿಗೆಯಲ್ಲಿ ಡಿಜೆ ಮುಂದೆ ಕುಣಿಯುವ ಜಾಗಕ್ಕೆ ಜಗಳವಾಗಿ ಒಬ್ಬ ಹುಡುಗನ ತೊಡೆಗೆ ಚಾಕು ಹಾಕಿದ್ದರು. ಬಾಗಲಕೋಟೆಗೆ ಒಯ್ಯುವ ಆಂಬುಲೆನ್ಸಿನಲ್ಲಿ ಹೇಳಿಕೆ ಬರೆದುಕೊಳ್ಳಲು ಇವಳನ್ನು ಕೂರಿಸಿದರು. ಹೆಸರು ಕೇಳಿದಳು, ಹೇಳಿದ. ತಂದೆಯ ಹೆಸರು ಕೇಳಿದಳು, ಹೇಳಿದ. ವಯಸ್ಸು ಕೇಳಿದಳು. ಹೇಳಲಿಲ್ಲ. ಆ ಹೊತ್ತಿಗೆ ಅವಳ ಬೂಟಿನ ತಳ ಆಂಬುಲೆನ್ಸಿನ ನೆಲದ ರಕ್ತಕ್ಕೆ ಅಂಟುತ್ತಿತ್ತು.

ಮರುವಾರ ಊರಿಗೆ ಹೋಗಿ ಅಟ್ಟ ಹತ್ತಿದಳು. "ಅವ್ವಾ, ನಾ ಮತ್ತ ನೀಟ್ ಬರೀತೇನಿ."

"ಬರದದ್ದು ಸಾಕಾಗಿಲ್ಲೇನ್ ಬೇ? ನಿನ್ನ ವಾರಿಗಿಯವರ ಮಕ್ಕಳು ಸಾಲಿಗೆ ಹೊಂಟಾವು."

"ವಯಸ್ಸಿನ ಮಿತಿ ತಗದಾರವ್ವಾ."

"ಸರಕಾರದವರು ತಗದಾರ. ಮಾಲಿಂಗಪುರದ ಬೆಲ್ಲದವರು ತಗದಿಲ್ಲ!"

ಮಹಾಲಿಂಗಪುರದ ಬೆಲ್ಲದ ಅಂಗಡಿಯವರು ಇವಳನ್ನು ಮಗನಿಗೆ ಕೇಳಿದ್ದರು. ಕೊನೆಗೆ ಅಪ್ಪ ಶಿವಯೋಗೆಪ್ಪ ನಡುವೆ ಬಂದು ತೀರ್ಪು ಕೊಟ್ಟ: ಇದೊಂದು ಸಲ ಬರೆಯಲಿ, ಆಗಲಿಲ್ಲವೆಂದರೆ ಸುಮ್ಮನೆ ಬೆಲ್ಲದ ಮನೆ ಸೇರಲಿ. ಪ್ರೀತಿ ಒಪ್ಪಿದಳು. ಇಪ್ಪತ್ತೆಂಟರ ಹೆಣ್ಣುಮಗಳು ಠಾಣೆಯ ಪಾಳಿಯಲ್ಲಿ ರೈಫಲ್ ಒಂದು ಕೈಲಿ, ಜೀವಶಾಸ್ತ್ರ ಇನ್ನೊಂದು ಕೈಲಿ ಹಿಡಿದು ವರ್ಷ ಕಳೆದಳು. ದವಾಖಾನೆಯ ಡಾಕ್ಟರ್ ಮೃಣ್ಮಯಿ ಬಿಡುವಿದ್ದಾಗ ತಿಳಿಯದ್ದನ್ನು ಹೇಳಿಕೊಡುತ್ತಿದ್ದರು.

ಪರೀಕ್ಷೆ ಮೇ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ, ಬಾಗಲಕೋಟೆಯಲ್ಲಿ. ಒಂದೂವರೆಗೆ ಗೇಟು ಹಾಕುತ್ತಾರೆ. ಆಮೇಲೆ ಬಂದವರಿಗೆ ಗೇಟಿನ ದರ್ಶನ ಮಾತ್ರ. ಪ್ರೀತಿ ರಜೆ ಹಾಕಿ ಶನಿವಾರವೇ ಊರಿಗೆ ಬಂದಿದ್ದಳು.

ಭಾನುವಾರ ಬೆಳಿಗ್ಗೆ ಆರಕ್ಕೆ ಬದು ಎದ್ದಿತು.

ಶಿವಯೋಗೆಪ್ಪನ ಹೊಲಕ್ಕೂ ಅವನ ಅಣ್ಣ ಬಸಗೊಂಡಪ್ಪನ ಹೊಲಕ್ಕೂ ನಡುವೆ ಒಂದೇ ಬದು. ಬಸಗೊಂಡಪ್ಪನ ಮಗ ಮಲಗೊಂಡ ನಸುಕಿನಲ್ಲಿ ಟ್ರ್ಯಾಕ್ಟರ್ ಹೊಡೆಯುವಾಗ ಅದನ್ನು ಒಂದು ಸಾಲು ತಿಂದ. ಪ್ರೀತಿಯ ಅಣ್ಣ ಗುರುಸಿದ್ದ ಸಲಿಕೆ ಹಿಡಿದೇ ಓಡಿದ. ತಡೆಯಲು ಬಂದ ದೊಡ್ಡಪ್ಪನ ನೆತ್ತಿಗೆ ಸಲಿಕೆಯ ಮರದ ಕಾವು ಬಿತ್ತು. ಪ್ರೀತಿ ಹೊಲಕ್ಕೆ ಓಡಿ ಬರುವಷ್ಟರಲ್ಲಿ ಬಸಗೊಂಡಪ್ಪ ಬದುವಿನ ಮೇಲೆ ಕೂತಿದ್ದ. ಬಿಳಿ ಗಡ್ಡದಿಂದ ರಕ್ತ ಹನಿಹನಿಯಾಗಿ ಧೋತರಕ್ಕೆ ಇಳಿಯುತ್ತಿತ್ತು. ಮಲಗೊಂಡ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು, "ಗುರ್‍ಯಾ, ನಿನ್ನ ಕರಳ ತಗದು ಬದುವಿಗೆ ಹಾಕದಿದ್ರ ನಾ ನಮ್ಮಪ್ಪಗ ಹುಟ್ಟಿಲ್ಲಲೇ!" ಅಂತ ಕೂಗುತ್ತ ಜಮಖಂಡಿಗೆ ಹೋದ.

"ಅಣ್ಣಾ, ನಡಿ, ಠಾಣಾಕ್ಕ ಹೋಗಿ ಆದದ್ದು ಆದಂಗ ಹೇಳು," ಅಂದಳು ಪ್ರೀತಿ.

"ನೀ ನಿನ್ನ ಪರೀಕ್ಷಾಕ್ಕ ಹೋಗ ಬೇ, ಶಾಣೇಕಿ," ಅಂದ ಗುರುಸಿದ್ದ.

ಅವಳು ಮನೆಗೆ ಬಂದು ಸ್ನಾನ ಮಾಡಿದಳು. ಪರೀಕ್ಷೆಯವರು ಹೇಳಿದ್ದಂತೆ ಅರ್ಧ ತೋಳಿನ ಚೂಡಿ ಹಾಕಿಕೊಂಡಳು, ಕಿವಿ ಮೂಗಿನದೆಲ್ಲ ಬಿಚ್ಚಿಟ್ಟಳು. ಒಂಬತ್ತರ ಹೊತ್ತಿಗೆ ಹಿತ್ತಲಿಗೆ ಅಮಸಿದ್ದಪ್ಪ ಬಂದಿದ್ದ. ಊರಲ್ಲಿ ಯಾರದೇ ತಲೆ ಒಡೆದರೂ ಸಲಹೆ ಕೊಡಲು ಬರುವ ಹಿರಿಯ ಅವನು. ಕಾನೂನಿನ ನಂಬರು ಬದಲಾಗಿ ವರ್ಷವಾದರೂ ಅವನ ಬಾಯಲ್ಲಿ ಕೊಲೆ ಯತ್ನಕ್ಕೆ ಇನ್ನೂ ಮುನ್ನೂರಾ ಏಳೇ.

"ಶಿವಯೋಗಿ, ಅವ್ರಿಗಿ ತಲಿ ಒಡದೈತಿ. ನಿಮಗ ಗೀರೂ ಇಲ್ಲ. ನಿನ್ನ ಮಗನ ಮ್ಯಾಲ ಮುನ್ನೂರಾ ಏಳು ಬೀಳತೈತಿ. ಕೌಂಟರಿಗೊಂದು ಗಾಯ ಬೇಕೋ."

"ನನಗ ಹೊಡೀರಿ," ಅಂದ ಗುರುಸಿದ್ದ.

"ಹೊಡದಾವ ನೀನು, ಹೊಡಸ್ಕೊಂಡಾವನೂ ನೀನಾದ್ರ ಯಾರ ನಂಬತಾರಲೇ? ಹಿರ್‍ಯಾಗ ಆಗಬೇಕು. ಶಿವಯೋಗಿ, ಬಲಗೈ ತಾ. ಏಟ ತಡಿಯಾಕ ಮನಷ್ಯಾ ಬಲಗೈನ ಎತ್ತತಾನ."

ಶಿವಯೋಗೆಪ್ಪ ಅಂಗಿಯ ತೋಳು ಮಡಿಚಿದ. ಗುರುಸಿದ್ದ ಕುಡಗೋಲು ತಂದ. "ಹಗೂರಕ ಎಳಿ," ಅಂದ ಅಮಸಿದ್ದಪ್ಪ. ಗುರುಸಿದ್ದ ಕಣ್ಣು ಮುಚ್ಚಿಕೊಂಡು ಎಳೆದ. ಆದರೆ ಆ ಕುಡಗೋಲನ್ನು ಅವನು ಹಿಂದಿನ ದಿನವಷ್ಟೇ ಮಸೆದಿದ್ದ.

ಚೀಲ ಹೆಗಲಿಗೆ ಹಾಕಿ ಹೊರಬಿದ್ದ ಪ್ರೀತಿ ಕೇಳಿದ್ದು ಅಪ್ಪನ ಕೂಗು. ಹಿತ್ತಲಲ್ಲಿ ಅಪ್ಪನ ಮಣಿಕಟ್ಟಿನ ಮೇಲಿಂದ ರಕ್ತ ಚಿಮ್ಮುತ್ತಿತ್ತು, ನಿಂತು ನಿಂತು, ಪಂಪ್‌ಸೆಟ್ಟಿನ ಪೈಪಿನಿಂದ ಮೊದಲ ನೀರು ಬರುವ ಹಾಗೆ. ಎಮ್ಮೆಯ ಮುಖಕ್ಕೂ ಹಾರಿತ್ತು. ಗುರುಸಿದ್ದ ಕುಡಗೋಲು ಕೈಲಿ ಹಿಡಿದೇ ಅಳುತ್ತಿದ್ದ. ಅಮಸಿದ್ದಪ್ಪ, "ಜರಾ ಹೆಚ್ಚಾತು," ಅಂದ.

ಪ್ರೀತಿ ಓಡಿಹೋಗಿ ಗಾಯವನ್ನು ಎರಡೂ ಹೆಬ್ಬೆರಳಿನಿಂದ ಒತ್ತಿದಳು. ನಿಲ್ಲಲಿಲ್ಲ. ವೇಲ್ ಮೊಣಕೈ ಮೇಲೆ ಸುತ್ತಿ, ಸಲಿಕೆಯ ಮುರಿದ ಕಾವಿನ ತುಂಡು ತೂರಿಸಿ ತಿರುವಿದಳು. ಅಪ್ಪ ಅವಳಿಗೆ ಬಾಯಿಗೆ ಬಂದಂತೆ ಬೈದ. ರಕ್ತ ನಿಂತಿತು.

"ಟಂಟಂ ತರಸ್ರಿ!" ಅಂತ ಕೂಗಿದಳು.

ಟಂಟಂ ಆಟೋ ಜಮಖಂಡಿ ಮುಟ್ಟುವವರೆಗೂ ಅಮಸಿದ್ದಪ್ಪ ಎಲ್ಲರಿಗೂ ಪಾಠ ಹೇಳಿಕೊಟ್ಟ: ಮುಂಜಾನೆ ಆರಕ್ಕೆ, ಬದುವಿನ ಮೇಲೆ, ಮಲಗೊಂಡ ಕುಡಗೋಲಿನಿಂದ ಕಡಿದ. ಪ್ರೀತಿ ಹತ್ತರ ಹೊತ್ತಿಗೆ ದವಾಖಾನೆ, ಹನ್ನೊಂದಕ್ಕೆ ಬಸ್ಸು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿ, ಅಪ್ಪನ ಕೈಯನ್ನು ಮೇಲೆ ಎತ್ತಿ ಹಿಡಿದು ಕೂತಿದ್ದಳು.

ದವಾಖಾನೆಯಲ್ಲಿ ಬಸಗೊಂಡಪ್ಪ ತಲೆಗೆ ಹೊಲಿಗೆ ಹಾಕಿಸಿಕೊಂಡು ಬೆಂಚಿನ ಮೇಲಿದ್ದ. ಗುರುಸಿದ್ದನನ್ನು ಕಂಡದ್ದೇ ತಡ, ಮಲಗೊಂಡ ಸಲೈನ್ ಕಂಬ ಕಿತ್ತುಕೊಂಡು ಬೀಸಿದ. ಅದು ಗುರುಸಿದ್ದನ ಭುಜಕ್ಕೆ ಬಿತ್ತು. ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಔಷಧದ ಟ್ರಾಲಿಯ ಮೇಲೆ ಉರುಳಿದರು. ಕತ್ತರಿ, ಇಕ್ಕಳ, ಅಯೋಡಿನ್ ಎಲ್ಲ ನೆಲಕ್ಕೆ. ಡ್ಯೂಟಿಯ ಮೇಲಿದ್ದ ಪೊಲೀಸಿನವನು ಲಾಠಿ ಬೀಸಿ ಇಬ್ಬರನ್ನೂ ಬೇರೆ ಮಾಡಬೇಕಾಯಿತು.

ಡಾಕ್ಟರ್ ಮೃಣ್ಮಯಿ ಇದ್ಯಾವುದನ್ನೂ ನೋಡದೆ ಶಿವಯೋಗೆಪ್ಪನ ಕೈ ಮುಂದೆ ನಿಂತಿದ್ದರು. ಬೆರಳು ತಣ್ಣಗಾಗಿ ನೀಲಿ ತಿರುಗಿದ್ದವು.

"ಇದನ್ನ ಕಟ್ಟಿ ಎಷ್ಟ ಹೊತ್ತಾತು?"

"ಮುಂಜಾನಿ ಆರಕ್ಕರೀ ಬಾಯಾರ," ಅಂದ ಅಮಸಿದ್ದಪ್ಪ. "ಮಲಗೊಂಡ ಕಡದ."

"ಆರರಿಂದ ಕಟ್ಟೇ ಅದ?" ಡಾಕ್ಟರ ಮುಖ ಬದಲಾಯಿತು. "ಹಂಗಾದ್ರ ಕಟ್ಟು ಇಲ್ಲಿ ಬಿಚ್ಚಂಗಿಲ್ಲ. ಕೈಯಾಗಿನ ವಿಷಾ ಮೈಗೆ ಹೋಗ್ತದ. ದೊಡ್ಡ ದವಾಖಾನಿಗೆ ಕಳಸ್ತೀನಿ. ಕೈ ತಗೀಬೇಕಾಗಬಹುದು. ಖರೆ ಹೇಳ್ರಿ, ಆರ ಗಂಟೇನ?"

ಅಮಸಿದ್ದಪ್ಪ ಶಿವಯೋಗೆಪ್ಪನನ್ನು ನೋಡಿದ. ಶಿವಯೋಗೆಪ್ಪ ಹಲ್ಲು ಕಚ್ಚಿ, "ಆರಕ್ಕರೀ," ಅಂದ. ಕೈ ಹೋದರೂ ಮಗ ಉಳಿಯಲಿ ಅಂತ.

ಪ್ರೀತಿ ಇಂಥ ಸುಳ್ಳುಗಳನ್ನು ಏಳು ವರ್ಷ ಬರೆದುಕೊಂಡಿದ್ದಳು. ಬಾಯಿ ಬಿಟ್ಟರೆ ಅಣ್ಣ ಆರೋಪಿ, ತಾನು ಸಾಕ್ಷಿ. ಹೇಳಿಕೆ, ಪಂಚನಾಮೆ ಅಂತ ಪರೀಕ್ಷೆಯ ಹೊತ್ತು ಹೋಗುತ್ತದೆ. ಸುಮ್ಮನಿದ್ದರೆ ಹನ್ನೊಂದರ ಬಸ್ಸು ಸಿಗುತ್ತದೆ, ಅಪ್ಪನ ಕೈ ಹೋಗುತ್ತದೆ.

"ಸುಳ್ಳರೀ ಮೇಡಮ್," ಅಂದಳು. "ಒಂಬತ್ತು ಹೊಡದ ಮ್ಯಾಲ, ನಮ್ಮ ಹಿತ್ತಲದಾಗ. ಕೌಂಟರಿಗೆ ಅಂತ ನಮ್ಮಣ್ಣನೇ ಕಡದಾನ. ಕಟ್ಟಿದಾಕಿ ನಾನ. ಒಂದ ತಾಸೂ ಆಗಿಲ್ಲ. ಬಿಚ್ಚರಿ."

ಪೊಲೀಸಿನವನ ಹಿಡಿತ ಕೊಡವಿಕೊಂಡು ಬಂದ ಗುರುಸಿದ್ದ ತಂಗಿಯ ಮುಖಕ್ಕೆ ಗುದ್ದಿದ. ಅವಳ ಕೆಳತುಟಿ ಸೀಳಿತು. "ಮನಿ ಮುರಕಿ!" ಅಂದ. ಇನ್ನೊಂದು ಗುದ್ದು ಬೀಳುವ ಮೊದಲು ಅವಳು ಅವನ ಕೈ ಹಿಂದಕ್ಕೆ ತಿರುವಿ ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮೊಣಕಾಲು ಊರಿದಳು. ಇಲಾಖೆಯ ತರಬೇತಿ ಮನೆಯವರ ಮೇಲೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಪೊಲೀಸಿನವನು ಬಂದು ಕೈಗೆ ಬೇಡಿ ಹಾಕಿದ.

ಡಾಕ್ಟರ್ ಕಟ್ಟು ಬಿಚ್ಚಿದರು, ರಕ್ತನಾಳ ಹಿಡಿದು ಗಂಟು ಹಾಕಿದರು. ಸ್ವಲ್ಪ ಹೊತ್ತಿಗೆ ಬೆರಳುಗಳಿಗೆ ಬಣ್ಣ ಬಂತು. "ಕೈ ಉಳೀತು," ಅಂದರು. ಶಿವಯೋಗೆಪ್ಪ ಮುಖವನ್ನು ಗೋಡೆಗೆ ತಿರುಗಿಸಿಕೊಂಡ.

ಪ್ರೀತಿ ತುಟಿಗೆ ಹತ್ತಿ ಒತ್ತಿಕೊಂಡೇ ಹೇಳಿಕೆ ಕೊಟ್ಟಳು, ಓದಿ ನೋಡಿ ಸಹಿ ಹಾಕಿದಳು. ಹೊರಬಂದಾಗ ಹನ್ನೊಂದೂ ಮುಕ್ಕಾಲು. ಬಸ್ಸು ಹೋಗಿತ್ತು. ಟಂಟಂನವನು ಅಮಸಿದ್ದಪ್ಪನನ್ನು ಕರೆದುಕೊಂಡು ಊರ ದಾರಿ ಹಿಡಿದಿದ್ದ.

ಗೇಟಿನ ಹತ್ತಿರ ಮಲಗೊಂಡ ಬೈಕ್ ಚಾಲೂ ಮಾಡಿ ನಿಂತಿದ್ದ.

"ಹತ್ತ ಬೇ."

"ನೀ ಯಾಕ ಬರ್ತಿ?"

"ನೀ ಬಾಯಿ ಬಿಡದಿದ್ರ ಇಷ್ಟೊತ್ತಿಗೆ ನಾ ಒಳಗಿರತಿದ್ದೆ. ನಮ್ಮಪ್ಪನೇ ಕಳಸ್ಯಾನ. ಹತ್ತು, ಜಾಸ್ತಿ ಮಾತಾಡಬ್ಯಾಡ. ನಿಮ್ಮಣ್ಣನ್ನ ಬಿಡಂಗಿಲ್ಲ ನಾ, ಅದ ಬ್ಯಾರೆ."

ಬೀಳಗಿ ದಾಟುವವರೆಗೂ ಗುರುಸಿದ್ದನನ್ನು ಹೇಗೆ ಕೊಲ್ಲಬೇಕೆಂದು ಮಲಗೊಂಡ ಗಾಳಿಗೆ ಹೇಳುತ್ತ ಹೋದ. ಮೊದಲು ಮೊಣಕಾಲು, ಆಮೇಲೆ ಪಕ್ಕೆಲುಬು, ಕೊನೆಗೆ ಕಾಲುವೆ. ಹಿಂದೆ ಕೂತ ಪ್ರೀತಿ ಅದೇ ಮೊಣಕಾಲು, ಅದೇ ಪಕ್ಕೆಯ ಎಲುಬುಗಳ ಹೆಸರುಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದಳು. ಇಬ್ಬರ ಪಠ್ಯವೂ ಒಂದೇ ಆಗಿತ್ತು.

ಗೇಟು ಹಾಕುವ ಸ್ವಲ್ಪ ಮೊದಲು ಮುಟ್ಟಿದರು. ತಪಾಸಣೆಯ ಮಹಿಳಾ ಪೊಲೀಸ್ ಅವಳ ಬಟ್ಟೆಯ ಮೇಲಿನ ರಕ್ತ, ಊದಿದ ತುಟಿ ನೋಡಿ ಬೆಚ್ಚಿದಳು.

"ಏನವಾ ಇದು? ಗಂಡ ಹೊಡದಾನೇನ?"

"ಅಣ್ಣರೀ. ನಾನೂ ಹೊಡದೇನಿ, ಬಿಡ್ರಿ."

ಒಳಗೆ ಬಿಟ್ಟಳು. ಉತ್ತರಪತ್ರಿಕೆಗೆ ಹೆಬ್ಬೆಟ್ಟು ಒತ್ತುವಾಗ, ಮೊದಲು ಉಗುರಿನ ಅಂಚಿನ ರಕ್ತ ಒರೆಸಿಕೊಳ್ಳಲು ಹೇಳಿದರಂತೆ.

ಸೀಟು ಸಿಕ್ಕಿತು, ದೂರದ ಜಿಲ್ಲೆಯ ಸರಕಾರಿ ಕಾಲೇಜಿನಲ್ಲಿ. ಬೆಲ್ಲದವರು ಬೇರೆ ಕಡೆ ಸಂಬಂಧ ಮಾಡಿದರು. ಗುರುಸಿದ್ದ ಒಂದು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಕೇಸು ಇನ್ನೂ ನಡೆದಿದೆ. ತಂಗಿ ಹೊರಡುವ ದಿನ ಅವಳ ಟ್ರಂಕನ್ನು ಎತ್ತಿ ಬಾಗಿಲ ಆಚೆ ಒಗೆದ. ಅಪ್ಪ ನೋಡುತ್ತ ಕೂತಿದ್ದ. ತಾರವ್ವ ಒಬ್ಬಳೇ ಬಸ್ ಸ್ಟ್ಯಾಂಡಿನವರೆಗೆ ಬಂದು, ಅಳುತ್ತ ಬೈಯುತ್ತ ರೊಟ್ಟಿ ಗಂಟು ಕೊಟ್ಟಳು.

ಮೊದಲ ವರ್ಷದ ರಜೆಗೆ ಪ್ರೀತಿ ಊರಿಗೆ ಬಂದಾಗಲೂ ಮನೆಯ ಗಂಡಸರು ಮಾತಾಡಿಸಲಿಲ್ಲ. ಮೂರನೆಯ ದಿನ ಅಮಸಿದ್ದಪ್ಪ ಬಂದ, ನಗುತ್ತ, ಕೈಯಲ್ಲಿ ಬಾಳೆಹಣ್ಣಿನ ಗೊನೆ.

"ಡಾಕ್ಟರಬಾಯಿ ಬಂದಾಳಂತ! ಊರಿಗೆ ದೊಡ್ಡ ಆಧಾರ ಆತು ನೋಡ ಶಿವಯೋಗಿ. ಇನ್ನ ಗಾಯ ಮಾಡೂ ತ್ರಾಸ ಇಲ್ಲ. ನಮ್ಮ ಹುಡುಗಿ ಕುಂತಲ್ಲೇ ಬರದ ಕೊಡತಾಳ, ಸಣ್ಣ ಗಾಯಕ್ಕ ದೊಡ್ಡದಂತ."

ಪ್ರೀತಿ ಬಾಯಿ ತೆರೆಯುವ ಮೊದಲೇ ಶಿವಯೋಗೆಪ್ಪ ಕಾಲಿನ ಚಪ್ಪಲಿ ತೆಗೆದು ಅಮಸಿದ್ದಪ್ಪನತ್ತ ಬೀಸಿ ಒಗೆದ. ಬಲಗೈ ಬೆರಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಎಡಗೈಯಿಂದ ಒಗೆದ. ಗುರಿ ತಪ್ಪಿ ಅದು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಗುರುಸಿದ್ದನ ಎದೆಗೆ ಬಡಿಯಿತು.

ಗುರುಸಿದ್ದ ಬಗ್ಗಿ ಚಪ್ಪಲಿ ಎತ್ತಿಕೊಂಡ. ಅಮಸಿದ್ದಪ್ಪನನ್ನು ನೋಡಿದ, ತಂಗಿಯನ್ನು ನೋಡಿದ, ಹೋಗಿ ಅಪ್ಪನ ಎಡಗೈಯಲ್ಲಿ ಅದನ್ನು ವಾಪಸಿಟ್ಟ.

"ಅಪ್ಪಾ," ಅಂದ, "ಈ ಸಲ ನೋಡಿ ಒಗಿ."