ಉಪಾಧ್ಯಕ್ಷನ ಒಂದು ಮತ

ಸಂವಿಧಾನ ಬಂದ ಹೊಸತು. ಫೋರ್ಟಿನ ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಉಪರಾಷ್ಟ್ರಪತಿಯ ಹುದ್ದೆಯೇ ದಂಡ ಎಂದು ವಾದಿಸಿ ನಾನು ಕಪ್ ಗೆದ್ದಿದ್ದೆ. ‘ರಾಷ್ಟ್ರಪತಿಗೆ ನೆಗಡಿಯಾಗಲಿ ಎಂದು ಕಾಯುವುದು ಅವರ ಒಂದು ಕೆಲಸ, ಮೇಲ್ಮನೆಯಲ್ಲಿ ಕೂತು ಗದ್ದಲ ಮಾಡಬೇಡಿ ಎನ್ನುವುದು ಇನ್ನೊಂದು. ಮತ ಹಾಕಬೇಕೆಂದರೆ ಎರಡೂ ಕಡೆ ಸರಿಸಮ ಬೀಳಬೇಕು. ಇದಕ್ಕೆ ಬಂಗಲೆ ಯಾಕೆ, ಒಂದು ಸ್ಟೂಲ್ ಸಾಕು’ ಎಂದಾಗ ತೀರ್ಪುಗಾರರೂ ನಕ್ಕಿದ್ದರು.

ಆ ಕಪ್ಪಿನ ಪ್ರತಾಪದಿಂದ ಕುರ್ಲಾದ ನಮ್ಮ ಚಾಳಿನ ಕನ್ನಡ ಸಂಘ ನನಗೆ ನಿಯಮಾವಳಿ ಬರೆಯುವ ಕೆಲಸ ಕೊಟ್ಟಿತು. ಸಂಘಕ್ಕಿದ್ದ ಆಸ್ತಿ ಮೂರನೇ ಮಾಳಿಗೆಯ ಒಂದು ಖೋಲಿ. ನಾನೋ ಸಂವಿಧಾನವನ್ನೇ ಎದುರಿಗಿಟ್ಟುಕೊಂಡು ಭಟ್ಟಿ ಇಳಿಸಿಬಿಟ್ಟೆ. ಅಧ್ಯಕ್ಷನಿಗೆ ರಾಷ್ಟ್ರಪತಿಯ ಹಾಗೆ ಸಭೆಯಲ್ಲಿ ಮತವಿಲ್ಲ. ಸಭೆ ನಡೆಸುವವನು ಉಪಾಧ್ಯಕ್ಷ. ನಡೆಸುವವನಿಗೆ ಸರಿಸಮ ಬಿದ್ದಾಗ ಮಾತ್ರ ಮತ. ಅಧ್ಯಕ್ಷ ಊರಲ್ಲಿಲ್ಲದಾಗ ಉಪಾಧ್ಯಕ್ಷನೇ ಅಧ್ಯಕ್ಷ, ಆದರೆ ಆಗ ಅವನು ಸಭೆ ನಡೆಸಕೂಡದು, ಕಾರ್ಯದರ್ಶಿ ನಡೆಸಬೇಕು. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಥವಾದದ್ದು ಇವನೊಬ್ಬನಿಗೇ ಎಂದು ನನ್ನನ್ನೇ ಉಪಾಧ್ಯಕ್ಷನನ್ನಾಗಿ ಮಾಡಿದರು. ಹುದ್ದೆ ದಂಡ ಎಂದಿದ್ದವನು ಹಾರಕ್ಕೆ ಕತ್ತು ಬಗ್ಗಿಸಿದೆ. ಬಗ್ಗಿಸು ಎಂದು ಯಾರೂ ಒತ್ತಾಯಿಸಿರಲಿಲ್ಲ.

ಆ ಖೋಲಿಯಲ್ಲಿ ಧಾರವಾಡದ ಕಡೆಯ ಅಕ್ಕೋರೊಬ್ಬರು ತಮ್ಮದೇ ಎರಡು ಬೆಂಚು ಹಾಕಿಕೊಂಡು ಚಾಳಿನ ಹುಡುಗಿಯರಿಗೆ ಕನ್ನಡ ಕಲಿಸುತ್ತಿದ್ದರು. ಗಂಡನಿಲ್ಲದ ಅವರ ಹೊಟ್ಟೆಪಾಡು ಅದೇ. ಸಮಿತಿಯಲ್ಲೇ ಇದ್ದ ದಾದರಿನ ಉಡುಪಿ ಹೋಟೆಲಿನ ಮಾಲೀಕರಿಗೆ ತಮ್ಮ ಕೆಲಸಗಾರರು ಮಲಗಲು ಅದೇ ಖೋಲಿ ಬೇಕಾಯಿತು. ಸಮಿತಿಯ ಎಂಟು ಜನರಲ್ಲಿ ನಾಲ್ವರು ಅತ್ತ, ನಾಲ್ವರು ಇತ್ತ. ಉಳಿದದ್ದು ನನ್ನ ಒಂದು ಮತ.

‘ಹೆದರಬೇಡಿ ಅಕ್ಕೋರೇ, ನಾನಿದ್ದೇನೆ’ ಎಂದೆ.

ಭಾನುವಾರ ಸಭೆ. ಅಕ್ಕೋರು ಬಾಗಿಲ ಬಳಿ ಕೂತಿದ್ದರು. ನಾನು ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೋಟೆಲ್ ಮಾಲೀಕರು ಎದ್ದರು.

‘ಒಂದು ಡೌಟು ಮಾರಾಯ್ರೆ. ನಮ್ಮ ಅಧ್ಯಕ್ಷರು ಎಲ್ಲಿ?’

‘ಊರಿಗೆ ಹೋಗಿದ್ದಾರೆ.’ ಟಿಕೆಟ್ ತೆಗೆಸಿಕೊಟ್ಟವರು ಇವರೇ ಎಂಬುದು ಆಮೇಲೆ ತಿಳಿಯಿತು.

‘ಹಾಗಾದ್ರೆ ಇವತ್ತು ಅಧ್ಯಕ್ಷರು ಯಾರು?’

‘ನಾನು!’ ಎದೆಯುಬ್ಬಿಸಿಯೇ ಹೇಳಿದೆ.

‘ಮತ್ತೆ ಆ ಕುರ್ಚಿಯಲ್ಲಿ ನಿಮಗೆ ಎಂಥ ಕೆಲಸ? ನೀವೇ ಬರೆದದ್ದಲ್ವಾ?’

ನಿಯಮದ ಅಕ್ಷರ ಬೇರೆ, ಆಶಯ ಬೇರೆ ಎಂದು ಅರ್ಧ ಗಂಟೆ ವಾದಿಸಿದೆ. ಕಪ್ ಗೆದ್ದ ದಿನಕ್ಕಿಂತ ಚೆನ್ನಾಗಿಯೇ ವಾದಿಸಿದೆ. ಮಾಲೀಕರು ನನ್ನ ಕೈಬರಹದ ಹಾಳೆಯನ್ನು ನನ್ನ ಮೂಗಿನ ಕೆಳಗೆ ಹಿಡಿದರು. ಎದ್ದೆ. ಕಾರ್ಯದರ್ಶಿ ಬಂದು ಕೂತರು. ವಿಜಾಪುರದ ಅವರು ರೈಲ್ವೆ ಗುಮಾಸ್ತರು, ಅಕ್ಕೋರ ಪರವಿದ್ದ ನಾಲ್ವರಲ್ಲೊಬ್ಬರು.

‘ತಮ್ಮಾ, ಇಲ್ಲಿ ಕುಂತ್ರ ನನ್ನ ಮತಾನೂ ಹೋತೇನು?’

‘ಸರಿಸಮ ಬಿದ್ದರೆ ಮಾತ್ರ ಇದೆ.’

‘ಈಗ ಅವ್ರು ನಾಕು, ನಾವು ಮೂರು. ಎಲ್ಲಿ ಬೀಳ್ತದೋ ಸರಿಸಮ? ನಿನ್ನಂಥಾ ಶ್ಯಾಣ್ಯಾನ್ನ ನಾ ಎಲ್ಲೂ ನೋಡಿಲ್ಲ ಬಿಡು.’

ಖೋಲಿ ಹೋಯಿತು. ಸಭೆ ಮುಗಿದು ಎಲ್ಲರೂ ಮಾಲೀಕರ ಕಾಫಿ ಕುಡಿಯಲು ಹೊರಟರು. ನಾನು ಅಕ್ಕೋರ ಮುಂದೆ ನಿಂತು ಮತ್ತೆ ಆಶಯ, ಅಕ್ಷರ ಎಂದು ಶುರು ಮಾಡಿದೆ. ಅವರು ಸೆರಗು ಬಿಗಿದುಕೊಂಡರು.

‘ಅಧ್ಯಕ್ಷರು ಬೆಂಚ್ ಎತ್ತಬಾರದು ಅಂತ ಎಲ್ಯರ ಬರದೀಯೇನು?’

‘ಇಲ್ಲ ಅಕ್ಕೋರೇ.’

‘ಹಂಗಾರ ಆ ತುದಿ ಹಿಡಿ.’

ಮೂರು ಮಾಳಿಗೆ ಇಳಿಸಿದೆವು. ಅವರ ಮನೆಯೊಳಗೆ ಒಂದೇ ಬೆಂಚು ಹಿಡಿಯಿತು. ಇನ್ನೊಂದನ್ನು ನಲ್ಲಿಯ ಪಕ್ಕ ಹಾಕಿ, ಮರುದಿನದಿಂದ ಅಲ್ಲೇ, ಕೊಡಗಳ ಗದ್ದಲದ ನಡುವೆ, ಅವರು ಪಾಠ ಹೇಳತೊಡಗಿದರು.